ತಾಯಿತೋಳಕ್ಕೂ ಒಳ್ಳೆಯ ನೆರೆ ಬೇಕು

ಬಾಡಿಗೆ ಮನೆ ಹುಡುಕುವಾಗ ನಾವು ಏನೇನು ನೋಡುತ್ತೇವೆ? ನೀರು ಬರುತ್ತದೆಯೇ, ಗಾಳಿ ಬೆಳಕು ಇದೆಯೇ, ಎಲ್ಲಕ್ಕಿಂತ ಹೆಚ್ಚಾಗಿ ನೆರೆಹೊರೆಯವರು ಎಂಥವರು ಎಂದು. ಮನೆಯಲ್ಲಿ ಬಸುರಿ ಹೆಂಗಸಿದ್ದರಂತೂ ಇನ್ನಷ್ಟು ವಿಚಾರ ಮಾಡುತ್ತೇವೆ. ಕೊಪ್ಪಳ ಸೀಮೆಯ ತಾಯಿತೋಳವೂ ಹೀಗೇ ಮಾಡುತ್ತದೆ ಎಂದರೆ ನಂಬುತ್ತೀರಾ?

‘ತೋಳ ಬಂತು ತೋಳ’ ಎಂದು ಮಕ್ಕಳಿಗೆ ಕಥೆ ಹೇಳಿದವರು ನಾವು. ಆದರೆ ನಮ್ಮ ಕಡೆಯ ತೋಳ ದಟ್ಟಡವಿಯ ಪ್ರಾಣಿಯಲ್ಲ. ಅದಕ್ಕೆ ಬೇಕಾದದ್ದು ಕುರುಚಲು ಗುಡ್ಡ, ಹುಲ್ಲುಗಾವಲು, ಬೀಳುಬಿದ್ದ ಹೊಲ. ಯಲಬುರ್ಗಾ, ಕುಷ್ಟಗಿಯ ಒಣಭೂಮಿಯಲ್ಲಿ ಇಂಥ ಜಾಗ ಅಲ್ಲಲ್ಲಿ ಉಳಿದಿದೆ. ಗಂಗಾವತಿ ಕಡೆ ತುಂಗಭದ್ರೆಯ ಕಾಲುವೆ ಬಂದು ಭತ್ತದ ಗದ್ದೆಗಳಾದವು. ನಮಗೇನೋ ಅನ್ನವಾಯಿತು, ನೀರು ನಿಂತ ಗದ್ದೆಯಲ್ಲಿ ತೋಳ ಮರಿ ಹಾಕೀತೇ? ನಡುವೆ ರಸ್ತೆ, ಕಲ್ಲುಗಣಿ ಬೇರೆ. ಹರಿದ ಕೌದಿಯಂತೆ ಗುಡ್ಡಗಳು ತುಂಡುತುಂಡಾಗಿವೆ.

ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಗ ತೋಳಗಳಿಗೆಂದೇ ಒಂದು ಅಭಯಾರಣ್ಯವಿದೆ. ಅಲ್ಲಿ ತೋಳವೊಂದು 8 ಮರಿ ಹಾಕಿದ ಸುದ್ದಿ 2025ರ ಮೇ ತಿಂಗಳಲ್ಲಿ ಬಂತು. ಸಂತೋಷವೇ. ಆದರೆ ಆ ಜಾಗ 1,000 ಎಕರೆಯೂ ಇಲ್ಲ. ತೋಳದ ಒಂದು ಸಂಸಾರ ಹೊಟ್ಟೆಪಾಡಿಗೆ 100 ಚದರ ಕಿಲೋಮೀಟರಿಗೂ ಹೆಚ್ಚು, ಅಂದರೆ ಸುಮಾರು 25,000 ಎಕರೆ ಸುತ್ತಬೇಕಾದೀತು. ಹಾಗಾದರೆ ಬಂಕಾಪುರ ಬರೀ ಬಾಣಂತಿ ಕೋಣೆ. ಉಳಿದ ಮನೆಯೆಲ್ಲ ನಮ್ಮ ಹೊಲ, ನಮ್ಮ ಊರಿನ ಅಂಚು!

ಪಕ್ಕದ ಗುಂಪಿನ ತೋಳಗಳಿಗೆ ಇದು ಉಚ್ಚೆಯ ವಾಸನೆಯಿಂದ, ಊಳಿಡುವ ದನಿಯಿಂದ ಎಲ್ಲೆ ತಿಳಿಸುತ್ತದೆ. ಜಗಳ ಆದಷ್ಟು ತಪ್ಪುತ್ತದೆ. ಮನುಷ್ಯರಿಗೆ ಅಂಜಿ ಹಗಲು ಗುಡ್ಡದಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಹೊಲ ದಾಟುತ್ತದೆ. ಆದರೆ ಊರನಾಯಿಗೆ ಈ ಎಲ್ಲೆ ಎಲ್ಲಿ ಗೊತ್ತು? ಅದರಿಂದ ಹುಚ್ಚುರೋಗ, ಡಿಸ್ಟೆಂಪರ್ ತೋಳಕ್ಕೂ ತಗಲುತ್ತವೆ.

“ಅಲ್ರೀ, ನಮ್ಮ ಕುರಿ ಹೋದ್ರ ಯಾರು ಕೊಡ್ತಾರ?” ಎಂದು ಕುರಿ ಸಾಕಿದ ತಂಗಿ ಕೇಳಬಹುದು. ನ್ಯಾಯವಾದ ಮಾತು. ರಾತ್ರಿ ಹಟ್ಟಿಗೆ ಮುಳ್ಳಿನ ಬೇಲಿ ಗಟ್ಟಿಯಾಗಿರಲಿ. ಕುರಿ ಸತ್ತರೆ ಅದನ್ನು ಅಲ್ಲಿಂದ ಕದಲಿಸದೆ ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿ. ಪರಿಹಾರ ಕೇಳುವ ದಾರಿ ಇದೆ. ಸಿಟ್ಟಿನಲ್ಲಿ ಅದಕ್ಕೆ ವಿಷ ಸವರಿ ಇಡಬೇಡಿ. ತಾಯಿ ತಿಂದು ಸತ್ತರೆ ಗವಿಯಲ್ಲಿ ಹಾಲು ಕುಡಿಯುವ ಮರಿಗಳೂ ಸತ್ತಂತೆಯೇ.

ಮನೆಯ ನಾಯಿಗೆ ಪಶು ಆಸ್ಪತ್ರೆಯಲ್ಲಿ ಚುಚ್ಚುಮದ್ದು ಹಾಕಿಸಿ. ಮರಿ ನೋಡುವ ಆಸೆಗೆ ಮಕ್ಕಳನ್ನು ಗವಿಯ ಹತ್ತಿರ ಬಿಡಬೇಡಿ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸಿದಂತೆ, ಗಾಬರಿಯಾದ ತಾಯಿತೋಳವೂ ಮರಿಗಳನ್ನು ಕಚ್ಚಿಕೊಂಡು ಬೇರೆ ಜಾಗ ಹುಡುಕುತ್ತದೆ. ಬೆಕ್ಕಿಗಾದರೆ ಏಳು ಮನೆ ಸಿಕ್ಕಾವು. ಇದಕ್ಕೆ ಇನ್ನೊಂದು ಗುಡ್ಡ ಎಲ್ಲಿದೆ, ಹೇಳಿ?