ಪಕ್ಕವಾದ್ಯವಿಲ್ಲದ ಹಾಡು

ನಮ್ಮ ಸಂಘದ ಸಭೆಗಳಲ್ಲಿ ಪ್ರಾರ್ಥನೆ ಅಂದ ಕೂಡಲೇ ಶುರುವಾಗುವುದು ಹಾರ್ಮೋನಿಯಂ ಹುಡುಕಾಟ. ಪೆಟ್ಟಿಗೆ ಸಿಕ್ಕಿದರೆ ನುಡಿಸುವವರಿಲ್ಲ, ನುಡಿಸುವವರು ಬಂದರೆ ಪೆಟ್ಟಿಗೆಯ ಬೀಗದ ಕೈ ಇರೋದಿಲ್ಲ. ಕೊನೆಗೆ ಯಾರೋ ಮೊಬೈಲಿನಲ್ಲಿ ಹಾಡು ಹಾಕ್ತಾರೆ. ನಾವು ಎದ್ದು ನಿಂತು ತುಟಿ ಅಲ್ಲಾಡಿಸಿ ಕೂತ್ಕೊಳ್ತೇವೆ. ವಾದ್ಯವಿಲ್ಲದೆ ಹತ್ತು ಜನ ಸೇರಿ ಹಾಡಲಾರೆವೆ? ಈ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ವಾದ್ಯವಿಲ್ಲದೆ ಬರೀ ಕಂಠಗಳಿಂದ ಹಾಡುವುದಕ್ಕೆ ಪಶ್ಚಿಮದವರು ‘ಅ ಕಪೆಲ್ಲ’ ಎನ್ನುತ್ತಾರೆ. ಇಟಾಲಿಯನ್ ಮಾತು, ‘ಪ್ರಾರ್ಥನಾಮಂದಿರದ ರೀತಿಯಲ್ಲಿ’ ಎಂದು ಅರ್ಥ. ಅಲ್ಲಿನ ಕಾಲೇಜುಗಳಲ್ಲಿ ಇದೊಂದು ದೊಡ್ಡ ಸಂಪ್ರದಾಯ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ‘ವಿಫನ್‌ಪೂಫ್ಸ್’ ತಂಡ ಹುಟ್ಟಿದ್ದು 1909ರಲ್ಲಿ. ನಮ್ಮಲ್ಲಿ ಆ ಹೆಸರಿನ ಸಂಪ್ರದಾಯ ಇರಲಿಲ್ಲ, ನಿಜ. ಆದರೆ ವಿದ್ಯಾರ್ಥಿಗಳ ಕಂಠಕ್ಕೆ ನಮ್ಮ ನೆರೆಯ ಆಂಧ್ರದಲ್ಲಿ ಒಂದು ಚರಿತ್ರೆಯೇ ಇದೆ. ಅದರಲ್ಲಿ ಕನ್ನಡಕ್ಕೂ ಪಾಲಿದೆ.

ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ರೈಲಿನಲ್ಲಿ ಸುಮಾರು 350 ಕಿಲೋಮೀಟರು. 1907ರ ಏಪ್ರಿಲ್‌ನಲ್ಲಿ ಬಂಗಾಳದ ಬಿಪಿನ್ ಚಂದ್ರ ಪಾಲ್ ಈ ಎರಡೂ ಊರುಗಳಲ್ಲಿ, ನಡುವಿನ ಕಾಕಿನಾಡ, ರಾಜಮಹೇಂದ್ರಿಗಳಲ್ಲಿ ಸ್ವದೇಶಿ ಭಾಷಣ ಮಾಡುತ್ತಾ ಹೋದರು. ಅವರು ಹೋದಲ್ಲೆಲ್ಲ ‘ವಂದೇ ಮಾತರಂ’. ರಾಜಮಹೇಂದ್ರಿಯ ಕಾಲೇಜಿನ ಹುಡುಗರು ಅದನ್ನು ಎದೆಯ ಮೇಲೆ ಬಿಲ್ಲೆ ಮಾಡಿ ಧರಿಸಿದರು, ತರಗತಿಗಳಿಗೂ ಒಯ್ದರು. ಗಾಡಿಚೆರ್ಲ ಹರಿಸರ್ವೋತ್ತಮ ರಾವ್ ಮೊದಲಾದವರನ್ನು ಕಾಲೇಜಿನಿಂದ ಹೊರಹಾಕಿದರು. ಅದು ಹಾಡಿಗಿಂತ ಹೆಚ್ಚಾಗಿ ಘೋಷ ಅನ್ನಬಹುದು. ಆದರೆ ಒಂದು ಮಾತು ಗಮನಿಸಿ: ವಿದ್ಯಾರ್ಥಿಗಳ ಕೈಯಲ್ಲಿ ಆಗ ಇದ್ದದ್ದು ಗಂಟಲು ಒಂದೇ.

ಎರಡನೆಯ ಘಟನೆ ನನಗೆ ಬಹಳ ಪ್ರಿಯವಾದದ್ದು. ನಮ್ಮ ಕೋಲಾರದ ಗಡಿಯಾಚೆಗೆ, ಆಗಿನ ಚಿತ್ತೂರು ಜಿಲ್ಲೆಯಲ್ಲಿ, ಮದನಪಲ್ಲಿ ಎಂಬ ಊರಿದೆ. ಅಲ್ಲಿನ ಥಿಯಾಸಾಫಿಕಲ್ ಕಾಲೇಜಿಗೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಪ್ರಿನ್ಸಿಪಾಲರು. 1919ರ ಫೆಬ್ರವರಿಯಲ್ಲಿ ರವೀಂದ್ರನಾಥ ಠಾಕೂರರು ಅಲ್ಲಿಗೆ ಬಂದು ಕೆಲವು ದಿನ ತಂಗಿದ್ದರು. ಒಂದು ಸಂಜೆ ಕಾಲೇಜಿನವರು ಹಾಡಲು ಸೇರಿದ್ದಾಗ, ತಾವೂ ಒಂದು ಹಾಡು ಹೇಳಲೇ ಎಂದು ಕೇಳಿ ‘ಜನಗಣಮನ’ ಹಾಡಿದರು. ಬಂಗಾಳಿ ಅಲ್ಲಿ ಎಷ್ಟು ಜನಕ್ಕೆ ಬರುತ್ತಿತ್ತು ಹೇಳಿ! ಆದರೂ ಪಲ್ಲವಿ ಬಂದಾಗ ಕಿವಿ ನಿಮಿರಿತು, ಎರಡನೆಯ ಸಲಕ್ಕೆ ಗಂಟಲು ಸಿದ್ಧವಾಯಿತು, ಮತ್ತೆ ಮತ್ತೆ ಹಾಡಿಸಿ ಎಲ್ಲರೂ ಸೇರಿಕೊಂಡರು ಎಂದು ಕಸಿನ್ಸ್ ನೆನೆದಿದ್ದಾರೆ. ಅವರ ಪತ್ನಿ ಮಾರ್ಗರೆಟ್ ಕಸಿನ್ಸ್ ಸಂಗೀತದಲ್ಲಿ ಪದವೀಧರೆ. ಆಕೆ ಕವಿಗಳಿಂದಲೇ ಕೇಳಿ ಧಾಟಿಯನ್ನು ಸ್ವರಲಿಪಿಗೆ ಇಳಿಸಿದರು. ಕವಿಗಳು ಅಲ್ಲಿಯೇ ಇಂಗ್ಲಿಷ್ ಅನುವಾದವನ್ನೂ ಬರೆದುಕೊಟ್ಟರು. ಆ ಹಾಡು ಕಾಲೇಜಿನ ಬೆಳಗಿನ ಪ್ರಾರ್ಥನೆಯಾಯಿತು. 1950ರ ಜನವರಿ 24ರಂದು ರಾಷ್ಟ್ರಗೀತೆಯೆಂದು ಅಂಗೀಕಾರವಾಗುವುದಕ್ಕೆ ಮೂರು ದಶಕ ಮುಂಚೆಯೇ ಒಂದು ಸಣ್ಣ ಊರಿನ ಕಾಲೇಜು ಹುಡುಗರು ಅದನ್ನು ದಿನವೂ ಹಾಡುತ್ತಿದ್ದರು!

ಇದೇ ಕಸಿನ್ಸ್ 1924ರಲ್ಲಿ ಮೈಸೂರಿಗೆ ಬಂದಿದ್ದಾಗ ಒಬ್ಬ ವಿದ್ಯಾರ್ಥಿ ತನ್ನ ಇಂಗ್ಲಿಷ್ ಕವಿತೆಗಳನ್ನು ತೋರಿಸಿದ. ನಿಮ್ಮ ಭಾಷೆಯಲ್ಲೇ ಏಕೆ ಬರೆಯಬಾರದು ಎಂದು ಅವರು ಕೇಳಿದರು. ಆ ವಿದ್ಯಾರ್ಥಿ ನಮ್ಮ ಕುವೆಂಪು. ರಾಷ್ಟ್ರಗೀತೆಯನ್ನು ತನ್ನ ಕಾಲೇಜಿನಲ್ಲಿ ಹಾಡಿಸಿದ ಮನುಷ್ಯನೇ ನಮ್ಮ ನಾಡಗೀತೆಯ ಕವಿಯನ್ನು ಕನ್ನಡದ ಕಡೆಗೆ ತಿರುಗಿಸಿದ ಅಂದರೆ ಆಶ್ಚರ್ಯ ಅಲ್ವೆ?

ಠಾಕೂರರು ಮುಂದೆ 1933ರಲ್ಲಿ ವಿಶಾಖಪಟ್ಟಣಕ್ಕೂ ಬಂದು ಆಂಧ್ರ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಕೊಟ್ಟರು. 1926ರಲ್ಲಿ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, ಹುಟ್ಟಿ 1930ರಲ್ಲಿ ವಾಲ್ಟೇರಿಗೆ ಹೋದ ವಿಶ್ವವಿದ್ಯಾಲಯ ಅದು. ಆಗಿನ ಕುಲಪತಿ ಡಾ. ರಾಧಾಕೃಷ್ಣನ್, ಹಿಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು.

ಮೂರನೆಯ ಘಟನೆ 1938ರ ಕೊನೆಯದು. ನಿಜಾಮರ ರಾಜ್ಯದ ಉಸ್ಮಾನಿಯಾ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಹುಡುಗರು ಪ್ರಾರ್ಥನೆಯ ಕೋಣೆಯಲ್ಲಿ ‘ವಂದೇ ಮಾತರಂ’ ಹಾಡುತ್ತಿದ್ದರು. ಹಾಡಕೂಡದು ಎಂದು ಆಜ್ಞೆ ಬಂತು. ಹುಡುಗರು ನಿಲ್ಲಿಸಲಿಲ್ಲ. ಮುಷ್ಕರ ನಮ್ಮ ಕಲಬುರಗಿಯ ಕಾಲೇಜಿಗೂ ಹಬ್ಬಿತು. ನೂರಾರು ಜನ ಕಾಲೇಜು ಕಳೆದುಕೊಂಡರು. ಅವರಿಗೆ ಬಾಗಿಲು ತೆರೆದದ್ದು ನಾಗಪುರ ವಿಶ್ವವಿದ್ಯಾಲಯ. ಹಾಗೆ ನಾಗಪುರಕ್ಕೆ ಹೋಗಿ ಓದಿದವರಲ್ಲಿ ಪಿ. ವಿ. ನರಸಿಂಹರಾವ್ ಒಬ್ಬರು. ಒಂದು ಹಾಡಿಗೆ ತೆತ್ತ ಬೆಲೆ ಒಂದು ವರ್ಷದ ಓದು, ಕೆಲವರಿಗೆ ಇಡೀ ಓದು.

ಈ ಹಾಡುಗಾರಿಕೆ ಸಂಗೀತದ ಲೆಕ್ಕದಲ್ಲಿ ಎಷ್ಟು ಚೆನ್ನಾಗಿತ್ತು? ಆ ಪ್ರಶ್ನೆ ಬೇರೆ. ನಾವು ಚೆನ್ನಾಗಿಯೂ ಹಾಡಬಹುದು. ಅದಕ್ಕೆ ತಿಳಿದಿರಬೇಕಾದ ನಾಲ್ಕು ಸಂಗತಿ ಇವೆ.

ಮೊದಲನೆಯದು ಶ್ರುತಿ. ತಂಬೂರಿ ಇಲ್ಲದಾಗ ಗುಂಪು ಗೊತ್ತಿಲ್ಲದಂತೆಯೇ ಕೆಳಗಿಳಿಯುತ್ತದೆ. ದಣಿದ ಗಂಟಲು ಮೇಲಿನ ಸ್ವರವನ್ನು ಕೂದಲೆಳೆಯಷ್ಟು ತಗ್ಗಿಸುತ್ತದೆ, ಪಕ್ಕದವನು ಅದನ್ನೇ ನಂಬುತ್ತಾನೆ. ಉಪಾಯ: ಇಬ್ಬರು ಷಡ್ಜವನ್ನು ಮೆಲ್ಲಗೆ ಹಿಡಿದಿರಲಿ, ಉಳಿದವರು ಹಾಡಲಿ. ತಂಬೂರಿ ಮಾಡುವ ಕೆಲಸವೂ ಅದೇ ತಾನೆ?

ಎರಡನೆಯದು ಹುಡುಗ ಹುಡುಗಿಯರ ಮಟ್ಟ. ಸಾಮಾನ್ಯವಾಗಿ ಗಂಡುದನಿ ಒಂದು ಮನೆ ಶ್ರುತಿಗೆ, ಹೆಣ್ಣುದನಿ ಐದು ಮನೆ ಶ್ರುತಿಗೆ ಹೊಂದುತ್ತದೆ. ಒಟ್ಟಿಗೆ ಹಾಡುವಾಗ ಒಬ್ಬರು ಕಿರುಚಬೇಕಾಗುತ್ತದೆ, ಇನ್ನೊಬ್ಬರು ಗೊಣಗಬೇಕಾಗುತ್ತದೆ. ಆದ್ದರಿಂದ ಚರಣಗಳನ್ನು ಹಂಚಿಕೊಂಡು, ಪಲ್ಲವಿಯನ್ನು ಮಾತ್ರ ಕೂಡಿ ಹಾಡುವುದು ಲೇಸು.

ಮೂರನೆಯದು ಉಸಿರು. ಎಲ್ಲರೂ ಒಮ್ಮೆಲೆ ಉಸಿರೆಳೆದರೆ ಹಾಡಿನಲ್ಲಿ ತೂತು ಬೀಳುತ್ತದೆ. ಸರದಿಯಂತೆ ಎಳೆದುಕೊಂಡರೆ ಕೇಳುವವರಿಗೆ ಒಂದೇ ನೀಳ ದನಿ.

ನಾಲ್ಕನೆಯದು ಅಕ್ಷರ. ಕನ್ನಡದ ಒತ್ತಕ್ಷರ ಬಹಳ ಚಾಡಿಕೋರ! ಹತ್ತು ಜನ ‘ಎಲ್ಲ’ ಎಂಬುದನ್ನು ಹತ್ತು ಗಳಿಗೆಗೆ ಹೇಳಿದರೆ ಗುಂಪು ಸಂತೆಯಾಗುತ್ತದೆ. ಮೊದಲು ಹಾಡನ್ನು ಗದ್ಯದಂತೆ, ಕೈತಾಳ ಹಾಕಿ, ಎಲ್ಲರೂ ಕೂಡಿ ಓದಿ ನೋಡಿ.

ಒಂದೇ ಧಾಟಿ ಒಪ್ಪಿಕೊಳ್ಳುವುದೂ ಮುಖ್ಯ. ನಾಡಗೀತೆಯನ್ನು ಸರ್ಕಾರ 2004ರಲ್ಲಿ ಅಂಗೀಕರಿಸಿದರೂ, ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷದ ಅವಧಿ ಎಂದು ನಿಗದಿಯಾದದ್ದು 2022ರಲ್ಲಿ. ಅಲ್ಲಿಯವರೆಗೆ ಒಬ್ಬೊಬ್ಬರದು ಒಂದೊಂದು ಧಾಟಿ, ಒಂದೊಂದು ಉದ್ದ.

ಅಂತರ ವಿಶ್ವವಿದ್ಯಾಲಯ ಯುವಜನೋತ್ಸವದ ಸಮೂಹಗಾನದಲ್ಲಿ ಆರು ಜನ ಹಾಡುವವರಿಗೆ ಮೂರು ಜನ ವಾದ್ಯದವರ ತನಕ ಅವಕಾಶವಿದೆ. ಆದರೆ ವಾದ್ಯ ಇರಲೇಬೇಕೆಂದೇನಿಲ್ಲ. ನಮ್ಮಲ್ಲಿ ಆರು ಕಂಠಗಳಿಗೆ ಬರವೆ?

ವಾದ್ಯ ಬೇಡ ಎಂಬ ಹಟ ನನ್ನದಲ್ಲ. ವಾದ್ಯ ಬಂದರೆ ಸಂತೋಷ. ಅದು ಬರಲಿಲ್ಲವೆಂದು ಬಾಯಿ ಮುಚ್ಚಿಕೊಳ್ಳೋದು ಬೇಡ, ಅಷ್ಟೆ. ಹಾಡಿದ್ದಕ್ಕೆ ಕಾಲೇಜು ಕಳೆದುಕೊಂಡವರ ಮುಂದೆ, ಹಾಡಲು ಎಲ್ಲ ಅನುಕೂಲವಿದ್ದೂ ತುಟಿ ಅಲ್ಲಾಡಿಸುವ ನಾವು ಯಾವ ಮುಖ ಇಟ್ಟುಕೊಂಡು ನಿಲ್ಲೋಣ? ಮುಂದಿನ ಸಭೆಯ ಪ್ರಾರ್ಥನೆಗೆ ಹೆಸರು ಕೊಡುವವರು ಕಾರ್ಯದರ್ಶಿಗಳಲ್ಲಿ ಕೊಡಿ. ದನಿ ಹೇಗಿದ್ದರೂ ಪರವಾಗಿಲ್ಲ. ಅಭ್ಯಾಸಕ್ಕೆ ತಪ್ಪದೆ ಬಂದರೆ ಸಾಕು.