ಕಾಮ, ಮೊಬೈಲು, ಮನಸ್ಸು: ನಂಬಿಕೆ ಯಾವುದು, ಸತ್ಯ ಯಾವುದು?

1995ರ ಜುಲೈ 3ರ ‘ಟೈಮ್’ ವಾರಪತ್ರಿಕೆಯ ಮುಖಪುಟದಲ್ಲಿ ಕಂಪ್ಯೂಟರಿನ ಮುಂದೆ ಕೂತು ಬೆಚ್ಚಿ ಬಾಯಿ ತೆರೆದ ಮಗುವಿನ ಚಿತ್ರವಿತ್ತು. ಅಂತರ್ಜಾಲದ ತುಂಬ ಅಶ್ಲೀಲವೇ ಇದೆ ಎಂಬ ಆ ಲೇಖನಕ್ಕೆ ಆಧಾರ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪದವಿ ವಿದ್ಯಾರ್ಥಿಯೊಬ್ಬ ಮಾಡಿದ ಅಧ್ಯಯನ. ಅದರಲ್ಲಿನ ‘ಶೇ 83.5’ ಎಂಬ ಸಂಖ್ಯೆ ಅಮೆರಿಕದ ಸೆನೆಟ್‌ವರೆಗೂ ಹೋಯಿತು. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಡೋನಾ ಹಾಫ್‌ಮನ್ ಮತ್ತು ಥಾಮಸ್ ನೊವಾಕ್ ಆ ಅಧ್ಯಯನವನ್ನು ಬಿಡಿಸಿ ನೋಡಿದಾಗ ಬೇರೆಯೇ ಚಿತ್ರ ಕಂಡಿತು. ಆ ಶೇ 83.5 ಇಡೀ ಅಂತರ್ಜಾಲದ ಲೆಕ್ಕವಾಗಿರಲಿಲ್ಲ. ‘ಯೂಸ್‌ನೆಟ್’ ಎಂಬ ಚರ್ಚಾಗುಂಪುಗಳಲ್ಲಿ ಹಾಕಿದ್ದ ಚಿತ್ರಗಳಿಗೆ ಮಾತ್ರ ಸಂಬಂಧಿಸಿತ್ತು. ಅದೇ ಅಧ್ಯಯನದ ಅಂಕಿಗಳನ್ನು ಹಿಡಿದು ಲೆಕ್ಕ ಹಾಕಿದರೆ, ಅಂತರ್ಜಾಲದ ಸಂದೇಶಗಳಲ್ಲಿ ಅಶ್ಲೀಲ ಚಿತ್ರಗಳಿರುವ ಗುಂಪುಗಳ ಪಾಲು ಶೇ 0.5ನ್ನೂ ಮುಟ್ಟುತ್ತಿರಲಿಲ್ಲ. ‘ಟೈಮ್’ ಪತ್ರಿಕೆಯೇ ಮೂರು ವಾರದ ನಂತರ ಈ ಆಕ್ಷೇಪಗಳನ್ನು ಪ್ರಕಟಿಸಿತು. ಅಷ್ಟರಲ್ಲಿ ಮೊದಲ ಸಂಖ್ಯೆ ಊರೆಲ್ಲ ಸುತ್ತಿ ಬಂದಿತ್ತು.

ಲೈಂಗಿಕತೆಯ ವಿಷಯದಲ್ಲಿ ಹೀಗಾಗುವುದು ಹೆಚ್ಚು. ಮನೆಯಲ್ಲಿ ಮಾತಾಡುವಂತಿಲ್ಲ, ಶಾಲೆಯಲ್ಲಿ ಕೇಳುವಂತಿಲ್ಲ. ಹಾಗಾಗಿ ಕಿವಿಗೆ ಬಿದ್ದದ್ದನ್ನು ಒರೆಗೆ ಹಚ್ಚುವವರೂ ಇಲ್ಲ. ‘ಇದು ನಾಚಿಕೆಗೇಡೇ?’ ಎಂಬುದು ಸಮಾಜ ಮೊದಲು ಕೇಳುವ ಪ್ರಶ್ನೆ. ಮನೋವಿಜ್ಞಾನ ಕೇಳುವುದು ಬೇರೆ ಎರಡು ಪ್ರಶ್ನೆ: ಇದರಲ್ಲಿ ಎಲ್ಲರ ಒಪ್ಪಿಗೆ ಇದೆಯೇ? ಮನುಷ್ಯನ ಬದುಕು ಅವನ ಹಿಡಿತದಲ್ಲಿದೆಯೇ? ಈ ಎರಡು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು, ಜನಜನಿತವಾದ ಆರು ನಂಬಿಕೆಗಳನ್ನು ನೋಡೋಣ.

ತಪ್ಪು ಕಲ್ಪನೆ 1: ಗಂಡಸಿಗೆ ಏಳು ಸೆಕೆಂಡಿಗೊಮ್ಮೆ ಅದೇ ಯೋಚನೆ

ಸತ್ಯ: ಎಚ್ಚರವಿರುವ ಹದಿನಾರು ಗಂಟೆಗೆ ಲೆಕ್ಕ ಹಾಕಿದರೆ ಇದು ದಿನಕ್ಕೆ ಎಂಟು ಸಾವಿರ ಸಲ ಮೀರುತ್ತದೆ. ಹಾಗಿದ್ದರೆ ಬೇರೆ ಕೆಲಸವೇ ನಡೆಯದು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಟೆರಿ ಫಿಶರ್ 2011ರಲ್ಲಿ ಇದನ್ನು ಎಣಿಸಿಯೇ ನೋಡಿದರು. 283 ಕಾಲೇಜು ವಿದ್ಯಾರ್ಥಿಗಳ ಕೈಗೆ ಗುಂಡಿ ಒತ್ತಿದರೆ ಒಂದೊಂದೇ ಅಂಕಿ ಏರುವ ಪುಟ್ಟ ಎಣಿಕೆ ಯಂತ್ರ ಕೊಟ್ಟರು. ಕೆಲವರು ಕಾಮದ ಯೋಚನೆ ಬಂದಾಗ ಒತ್ತಬೇಕು, ಕೆಲವರು ಊಟದ ಯೋಚನೆಗೆ, ಉಳಿದವರು ನಿದ್ದೆಯ ಯೋಚನೆಗೆ. ಹುಡುಗರ ಮಧ್ಯಾಂಕ ದಿನಕ್ಕೆ ಸುಮಾರು 19 ಸಲ, ಹುಡುಗಿಯರದು ಸುಮಾರು 10 ಸಲ ಬಂತು. ಹುಡುಗರು ಊಟದ ಬಗ್ಗೆಯೂ ಹೆಚ್ಚುಕಡಿಮೆ ಅಷ್ಟೇ ಸಲ ಯೋಚಿಸಿದ್ದರು.

ಇನ್ನೊಂದು ಅಂಶವೂ ಹೊರಬಿತ್ತು. ಯಾರಿಗೆ ಎಷ್ಟು ಸಲ ಆ ಯೋಚನೆ ಬರುತ್ತದೆ ಎಂಬುದನ್ನು ಊಹಿಸಲು, ಗಂಡೋ ಹೆಣ್ಣೋ ಎಂಬುದಕ್ಕಿಂತ, ಲೈಂಗಿಕ ವಿಷಯದಲ್ಲಿ ಆ ವ್ಯಕ್ತಿಗೆ ಎಷ್ಟು ಸಲೀಸು, ಎಷ್ಟು ಸಂಕೋಚ ಎಂಬುದೇ ಹೆಚ್ಚು ನೆರವಾಯಿತು. ಗಂಡಸಿಗೆ ತಡೆದುಕೊಳ್ಳಲು ಆಗುವುದಿಲ್ಲ ಎಂಬ ಮಾತು ಎಷ್ಟೋ ದೌರ್ಜನ್ಯಗಳಿಗೆ ನೆಪವಾಗಿದೆ. ಆ ನೆಪಕ್ಕೆ ಸಂಶೋಧನೆಯ ಬೆಂಬಲವಿಲ್ಲ.

ತಪ್ಪು ಕಲ್ಪನೆ 2: ವೀರ್ಯ ಹೋದರೆ ಶಕ್ತಿಯೇ ಹೋಯಿತು

ಸತ್ಯ: ಹಿಂದೆ ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಗುಪ್ತರೋಗ ತಜ್ಞ’ರ ಚೀಟಿಗಳು ಇರುತ್ತಿದ್ದವು. ಈಗ ಅದೇ ಮಾತು ರೀಲ್ಸ್‌ಗಳಲ್ಲಿ ಬರುತ್ತಿದೆ. ನಲವತ್ತು ಹನಿ ರಕ್ತ ಸೇರಿ ಒಂದು ಹನಿ ವೀರ್ಯವಾಗುತ್ತದೆ ಎಂದು ನಂಬಿ ನವೆಯುವ ಹುಡುಗರು ಇಂದಿಗೂ ಇದ್ದಾರೆ. ಸುಸ್ತು, ನಿದ್ದೆಗೇಡು, ಎದೆಬಡಿತ, ಯಾವುದರಲ್ಲೂ ಮನಸ್ಸಿಲ್ಲದಿರುವುದು, ಎಲ್ಲಕ್ಕೂ ವೀರ್ಯನಷ್ಟವೇ ಕಾರಣ ಎಂದುಕೊಳ್ಳುವ ಈ ಸ್ಥಿತಿಗೆ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ‘ಧಾತು ಸಿಂಡ್ರೋಮ್’ ಎಂದು ಹೆಸರಿಟ್ಟರು. ಇದು ನಮ್ಮ ದೇಶಕ್ಕಷ್ಟೇ ಸೀಮಿತವಾದ ಭಯವೂ ಅಲ್ಲ. ಸ್ವಿಟ್ಜರ್ಲೆಂಡಿನ ವೈದ್ಯ ಟಿಸೊ 1760ರ ಸುಮಾರಿಗೆ ಹಸ್ತಮೈಥುನದ ವಿರುದ್ಧ ಬರೆದ ಪುಸ್ತಕ ಯುರೋಪನ್ನೂ ಬಹುಕಾಲ ಹೀಗೆಯೇ ಹೆದರಿಸಿತ್ತು.

ವೀರ್ಯಾಣುಗಳು ದೇಹದಲ್ಲಿ ನಿರಂತರವಾಗಿ ಹುಟ್ಟುತ್ತಲೇ ಇರುತ್ತವೆ. ಕೂಡಿಟ್ಟು ಉಳಿಸುವ ಗಂಟು ಅದಲ್ಲ. ಹಸ್ತಮೈಥುನದಿಂದಾಗಲಿ ಸ್ವಪ್ನಸ್ಖಲನದಿಂದಾಗಲಿ ನಿಶ್ಶಕ್ತಿ ಬರುವುದಿಲ್ಲ. ಇಂಥ ದೂರು ಹೊತ್ತು ಬರುವ ಅನೇಕರಲ್ಲಿ ವೈದ್ಯರಿಗೆ ಕಾಣುವುದು ಆತಂಕ ಅಥವಾ ಖಿನ್ನತೆ. ಅದಕ್ಕೆ ಚಿಕಿತ್ಸೆ ಇದೆ. ಸಾವಿರಾರು ರೂಪಾಯಿಯ ಚೂರ್ಣಕ್ಕೆ ದುಡ್ಡು ಸುರಿದ ಹುಡುಗನಿಗೆ ಆ ಚಿಕಿತ್ಸೆ ಸಿಗುವುದು ಮಾತ್ರ ತಡವಾಗುತ್ತದೆ.

ತಪ್ಪು ಕಲ್ಪನೆ 3: ಪೋರ್ನ್ ನೋಡಿದವರೆಲ್ಲ ವ್ಯಸನಿಗಳು, ಅದರಿಂದ ಮಿದುಳೇ ಕುಗ್ಗುತ್ತದೆ

ಸತ್ಯ: ಬರ್ಲಿನ್ನಿನ ಸಂಶೋಧಕರಾದ ಸಿಮೋನ್ ಕ್ಯೂನ್ ಮತ್ತು ಯುರ್ಗನ್ ಗಾಲಿನಾಟ್ 2014ರಲ್ಲಿ 64 ಗಂಡಸರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ವಾರದಲ್ಲಿ ಹೆಚ್ಚು ಹೊತ್ತು ಪೋರ್ನ್ ನೋಡುವವರಲ್ಲಿ ಮಿದುಳಿನ ಒಂದು ಭಾಗದ ಗಾತ್ರ ಸ್ವಲ್ಪ ಕಡಿಮೆ ಇತ್ತು. ಸುದ್ದಿಯ ತಲೆಬರಹಗಳು ‘ಮಿದುಳು ಕುಗ್ಗುತ್ತದೆ’ ಎಂದು ಸಾರಿದವು. ಆದರೆ ಎಲ್ಲರನ್ನೂ ಸ್ಕ್ಯಾನ್ ಮಾಡಿದ್ದು ಒಂದೇ ಸಲ. ನೋಡಿ ನೋಡಿ ಹಾಗಾಯಿತೋ, ಮೊದಲೇ ಹಾಗಿದ್ದವರು ಹೆಚ್ಚು ನೋಡಿದರೋ ಎಂಬುದನ್ನು ಒಂದು ಸಲದ ಚಿತ್ರ ಹೇಳಲಾರದು. ಇದನ್ನು ಸಂಶೋಧಕರೇ ಬರೆದಿದ್ದರು.

ಹಾಗೆಂದು ತೊಂದರೆಯೇ ಇಲ್ಲ ಎಂದರೆ ನರಳುತ್ತಿರುವವರಿಗೆ ಅನ್ಯಾಯವಾಗುತ್ತದೆ. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11ರಲ್ಲಿ ‘ಅನಿಯಂತ್ರಿತ ಲೈಂಗಿಕ ವರ್ತನೆಯ ಸಮಸ್ಯೆ’ಗೆ ಜಾಗ ಸಿಕ್ಕಿದೆ. ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ತಡೆಯಲು ಯತ್ನಿಸಿ ಸೋಲುವುದು, ಆರೋಗ್ಯ, ಓದು, ಕೆಲಸ, ಸಂಸಾರ ಮೂಲೆಗೆ ಬೀಳುವುದು, ಖುಷಿಯೇ ಸಿಗದಿದ್ದರೂ ಬಿಡಲಾಗದಿರುವುದು ಅದರ ಲಕ್ಷಣಗಳು. ಇದನ್ನು ಮದ್ಯ, ಜೂಜಿನಂಥ ವ್ಯಸನಗಳ ಸಾಲಿನಲ್ಲಿ ಸೇರಿಸಿಲ್ಲ. ಹಠಾತ್ ತುಡಿತವನ್ನು ಹಿಡಿತದಲ್ಲಿಡಲಾಗದ ಸಮಸ್ಯೆಗಳ ಗುಂಪಿನಲ್ಲಿ ಇಟ್ಟಿದೆ. ಜೊತೆಗೆ ಒಂದು ಸ್ಪಷ್ಟ ಎಚ್ಚರಿಕೆಯೂ ಇದೆ: ‘ಇದು ಪಾಪ, ಇದು ತಪ್ಪು’ ಎಂಬ ನೈತಿಕ ಕೊರಗು ಒಂದೇ ಇದ್ದರೆ ಅದನ್ನು ಕಾಯಿಲೆ ಎನ್ನಬಾರದು.

ಆ ಎಚ್ಚರಿಕೆಯ ಹಿಂದೆ ಬಲವಾದ ಕಾರಣವಿದೆ. ಅಮೆರಿಕದ ಮನೋವಿಜ್ಞಾನಿ ಜೋಶುವಾ ಗ್ರಬ್ಸ್ ಮತ್ತು ಸಂಗಡಿಗರು ‘ನಾನು ವ್ಯಸನಿ’ ಎಂದುಕೊಳ್ಳುವವರು ಯಾರು ಎಂದು ಹುಡುಕಿದರು. ಎಷ್ಟು ಹೊತ್ತು ನೋಡುತ್ತಾರೆ ಎಂಬುದರ ಜೊತೆಗೆ, ಎಷ್ಟು ಗಾಢವಾಗಿ ಅದನ್ನು ಪಾಪವೆಂದು ನಂಬಿದ್ದಾರೆ ಎಂಬುದೂ ದೊಡ್ಡ ಪಾತ್ರ ವಹಿಸುತ್ತಿತ್ತು. ಅಪರೂಪಕ್ಕೆ ನೋಡುವ ಶ್ರದ್ಧಾವಂತನೊಬ್ಬ ತನ್ನನ್ನು ವ್ಯಸನಿ ಎಂದುಕೊಂಡು ಕುಸಿಯಬಹುದು. ಅವನಿಗೆ ಬೇಕಾದ ನೆರವು ಬೇರೆ, ರಾತ್ರಿಯಿಡೀ ನೋಡಿ ಕೆಲಸ ಕಳೆದುಕೊಳ್ಳುವವನಿಗೆ ಬೇಕಾದ ನೆರವು ಬೇರೆ. ನೆರವು ಬೇಕಾದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ ‘ಶಟ್ ಕ್ಲಿನಿಕ್’ 2014ರಿಂದ ನಡೆಯುತ್ತಿದೆ.

ತಪ್ಪು ಕಲ್ಪನೆ 4: ಅಪಾಯ ಬರುವುದು ಮಕ್ಕಳ ವೇಷ ಹಾಕಿದ ಅಪರಿಚಿತರಿಂದ

ಸತ್ಯ: ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದ ಜಾನಿಸ್ ವೊಲಾಕ್, ಡೇವಿಡ್ ಫಿಂಕೆಲ್‌ಹಾರ್ ಮತ್ತು ಸಂಗಡಿಗರು 2008ರಲ್ಲಿ ಅಮೆರಿಕದ ಪ್ರಕರಣಗಳ ಆಧಾರದ ಮೇಲೆ ತೋರಿಸಿದ್ದು ಇದಕ್ಕೆ ವಿರುದ್ಧವಾದ ಚಿತ್ರ. ಹದಿಹರೆಯದವರ ವೇಷ ಹಾಕಿದ್ದ ಅಪರಾಧಿಗಳು ಶೇ 5ರಷ್ಟು ಮಾತ್ರ. ಹೆಚ್ಚಿನವರು ತಾವು ದೊಡ್ಡವರೆಂಬುದನ್ನು ಮುಚ್ಚಿಡದೆ, ಹೊಗಳಿ, ಕಷ್ಟಸುಖ ಕೇಳಿ, ಪ್ರೀತಿಯ ಮಾತಾಡಿ ಹುಡುಗ ಹುಡುಗಿಯರ ವಿಶ್ವಾಸ ಗಳಿಸಿದ್ದರು. ನಮ್ಮಲ್ಲಂತೂ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ವರದಿಗಳ ಪ್ರಕಾರ, ಪೋಕ್ಸೊ ಕಾಯ್ದೆಯಡಿಯ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚರಲ್ಲಿ ಆರೋಪಿ ಮಗುವಿಗೆ ಪರಿಚಿತನೇ ಆಗಿರುತ್ತಾನೆ.

‘ಗೊತ್ತಿಲ್ಲದವರ ಜೊತೆ ಮಾತಾಡಬೇಡ’ ಎಂದಷ್ಟೇ ಕಲಿಸಿದರೆ ಸಾಲದು. ‘ನಮ್ಮಿಬ್ಬರ ಮಾತು ಮನೆಯಲ್ಲಿ ಹೇಳಬೇಡ’ ಎನ್ನುವವರು ಯಾರೇ ಆಗಿರಲಿ, ಮಾವನೇ ಆಗಿರಲಿ, ಮೇಷ್ಟ್ರೇ ಆಗಿರಲಿ, ಎಚ್ಚರವಾಗಿರು ಎಂದು ಕಲಿಸಬೇಕು. ಮಕ್ಕಳ ವಿಷಯದಲ್ಲಿ ಒಪ್ಪಿಗೆಯ ಪ್ರಶ್ನೆಯೇ ಬರುವುದಿಲ್ಲ. ಮಕ್ಕಳ ಲೈಂಗಿಕ ಶೋಷಣೆಯ ದೃಶ್ಯಗಳನ್ನು ನೋಡುವುದೂ ಇಟ್ಟುಕೊಳ್ಳುವುದೂ ಅಪರಾಧ ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಖಡಾಖಂಡಿತವಾಗಿ ಹೇಳಿದೆ.

ತಪ್ಪು ಕಲ್ಪನೆ 5: ಈಗಿನ ಮಕ್ಕಳೆಲ್ಲ ತಮ್ಮ ನಗ್ನ ಫೋಟೊ ಕಳಿಸುತ್ತಾರೆ; ಹರಿದಾಡಿದರೆ ಕಳಿಸಿದವರದೇ ತಪ್ಪು

ಸತ್ಯ: ಕೆನಡಾದ ಶೆರಿ ಮ್ಯಾಡಿಗನ್ ಮತ್ತು ಸಂಗಡಿಗರು 39 ಅಧ್ಯಯನಗಳ, ಒಂದು ಲಕ್ಷ ಮೀರಿದ ಹದಿಹರೆಯದವರ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದರು. ಲೈಂಗಿಕ ಚಿತ್ರ ಅಥವಾ ಸಂದೇಶ ಕಳಿಸಿದವರು ಶೇ 14.8, ಅಂದರೆ ಏಳರಲ್ಲಿ ಒಬ್ಬರು. ಬೇರೆಯವರ ಚಿತ್ರವನ್ನು ಒಪ್ಪಿಗೆಯಿಲ್ಲದೆ ಮುಂದೆ ಕಳಿಸಿದವರು ಶೇ 12.

ನಾವು ಬೈಯುವುದು ಮೊದಲ ಗುಂಪನ್ನು. ಅನ್ಯಾಯ ಮಾಡಿದ್ದು ಎರಡನೆಯ ಗುಂಪು. ಕಾನೂನು ಈ ವಿಷಯದಲ್ಲಿ ಗೊಂದಲವಿಟ್ಟಿಲ್ಲ. ಹೆಣ್ಣೊಬ್ಬಳು ಇಂಥ ಫೋಟೊ ತೆಗೆಯಲು ಒಪ್ಪಿದ್ದರೂ ಹಂಚಲು ಒಪ್ಪಿರದಿದ್ದರೆ, ಹಂಚಿದವನು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ಪ್ರಕಾರ ಅಪರಾಧಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಗಂಡು ಹೆಣ್ಣೆನ್ನದೆ ಎಲ್ಲರ ಖಾಸಗಿತನವನ್ನೂ ಕಾಯುತ್ತದೆ. ವಾಟ್ಸ್‌ಆ್ಯಪ್ ಗುಂಪಿಗೆ ಬಂದದ್ದನ್ನು ‘ಬರೀ ಫಾರ್ವರ್ಡ್ ಮಾಡಿದೆ’ ಎನ್ನುವವರು ಇದನ್ನು ನೆನಪಿಡಬೇಕು.

ತಪ್ಪು ಕಲ್ಪನೆ 6: ದುಡ್ಡು ಕೊಟ್ಟುಬಿಟ್ಟರೆ ಮಾನ ಉಳಿಯುತ್ತದೆ

ಸತ್ಯ: ನಗ್ನ ವಿಡಿಯೊ ಕಾಲ್ ವಂಚನೆಗೆ ಒಂದು ಸಿದ್ಧ ಕ್ರಮವಿದೆ. ಚೆಂದದ ಫೋಟೊ ಇರುವ ಖಾತೆಯಿಂದ ಸ್ನೇಹದ ಕೋರಿಕೆ, ಎರಡು ದಿನ ಸಿಹಿ ಮಾತು, ನಂಬರ್ ವಿನಿಮಯ, ರಾತ್ರಿ ಒಂದು ವಿಡಿಯೊ ಕಾಲ್. ಆ ಕಡೆ ಓಡುವುದು ಎಂದೋ ರೆಕಾರ್ಡ್ ಆದ ದೃಶ್ಯ. ಈ ಕಡೆಯ ಮುಖವೂ ಮೈಯೂ ರೆಕಾರ್ಡ್ ಆಗುತ್ತದೆ. ಮರುಕ್ಷಣವೇ ಸ್ನೇಹಿತರ, ನೆಂಟರ ಹೆಸರುಗಳ ಪಟ್ಟಿಯ ಜೊತೆ ಬೆದರಿಕೆ. ದುಡ್ಡು ಹಾಕಿದರೆ ಕಥೆ ಬೆಳೆಯುತ್ತದೆ. ‘ದೆಹಲಿ ಕ್ರೈಂ ಬ್ರ್ಯಾಂಚ್’ ಎಂದು ಒಬ್ಬ, ‘ಯೂಟ್ಯೂಬ್ ಅಧಿಕಾರಿ, ವಿಡಿಯೊ ತೆಗೆಸಲು ಶುಲ್ಕ ಕಟ್ಟಿ’ ಎಂದು ಇನ್ನೊಬ್ಬ, ‘ಆ ಹುಡುಗಿ ಆತ್ಮಹತ್ಯೆ ಮಾಡಿಕೊಂಡಳು’ ಎಂದು ಮತ್ತೊಬ್ಬ. ಕೊಟ್ಟವನು ಇನ್ನೂ ಕೊಡುತ್ತಾನೆ ಎಂಬುದು ಅವರಿಗೆ ಗೊತ್ತು.

ಆದ್ದರಿಂದ ಒಂದು ರೂಪಾಯಿಯನ್ನೂ ಕೊಡಬೇಡಿ. ಚಾಟ್, ನಂಬರ್, ಹಣ ಕೇಳಿದ ಯುಪಿಐ ಐಡಿಗಳ ಸ್ಕ್ರೀನ್‌ಶಾಟ್ ಉಳಿಸಿಕೊಂಡು ನಂಬರ್ ಬ್ಲಾಕ್ ಮಾಡಿ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅಥವಾ ನಿಮ್ಮ ಜಿಲ್ಲೆಯ ಸೈಬರ್ ಅಪರಾಧ ಪೊಲೀಸ್ ಠಾಣೆಗೆ ಹೋಗಿ. ಹದಿನೆಂಟು ದಾಟಿದವರಿಗೆ ‘ಸ್ಟಾಪ್‌ಎನ್‌ಸಿಐಐ’ ಎಂಬ ಉಚಿತ ಸೇವೆ 2021ರಿಂದ ಇದೆ. ಅದು ನಿಮ್ಮ ಫೋನಿನಲ್ಲೇ ಚಿತ್ರದ ಬೆರಳಚ್ಚಿನಂಥ ಗುರುತನ್ನು ತಯಾರಿಸಿ, ಆ ಗುರುತನ್ನಷ್ಟೇ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಜಾಲತಾಣಗಳಿಗೆ ಕೊಡುತ್ತದೆ. ಚಿತ್ರ ಫೋನ್ ಬಿಟ್ಟು ಹೊರಹೋಗುವುದಿಲ್ಲ. ಮನಸ್ಸು ಕುಸಿದಿದ್ದರೆ ‘ಟೆಲಿ ಮನಸ್’ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಈ ವಂಚಕರ ಬಂಡವಾಳ ವಿಡಿಯೊ ಅಲ್ಲ, ನಮ್ಮ ನಾಚಿಕೆ. ಚೂರ್ಣ ಮಾರುವವನದೂ, ಮಗುವಿಗೆ ‘ಮನೆಯಲ್ಲಿ ಹೇಳಬೇಡ’ ಎನ್ನುವವನದೂ ಅದೇ ಬಂಡವಾಳ. ಲೈಂಗಿಕತೆಯ ಬಗ್ಗೆ ಮನೆಯಲ್ಲಿ ನಾಲ್ಕು ಮಾತು ಸಹಜವಾಗಿ ಆಡುವಂತಾದರೆ ಅವರ ವ್ಯಾಪಾರದ ಬುಡವೇ ಅಲ್ಲಾಡುತ್ತದೆ. ನಿಮ್ಮ ಮಗನೋ ತಂಗಿಯೋ ಗೆಳೆಯನೋ ನಡುಗುತ್ತ ಬಂದು ಹೇಳಿಕೊಂಡರೆ, ‘ಯಾಕೆ ಹೀಗೆ ಮಾಡಿದೆ?’ ಎಂಬ ಪ್ರಶ್ನೆಯನ್ನು ಪಕ್ಕಕ್ಕಿಡಿ. ‘ನಿನ್ನನ್ನು ಯಾರು ಹೆದರಿಸುತ್ತಿದ್ದಾರೆ? ಬಾ, ಈಗಲೇ ದೂರು ಕೊಡೋಣ’ ಎನ್ನಿ.