ಅಂತರ್ಜಾಲದಲ್ಲಿ ಪ್ಯಾಕೆಟ್ ನಷ್ಟ ಹಾಗೂ ವಿಳಂಬ: ದೋಷವಿರುವ ಸ್ಥಳವನ್ನು ಗುರುತಿಸುವ ಕ್ರಮ

ಇ-ಸ್ವತ್ತು ನಮೂನೆಗಾಗಿ ಬಂದ ಅರ್ಜಿದಾರರನ್ನು ‘ಸರ್ವರ್ ಇಲ್ಲ’ ಎಂದು ಹಿಂದಿರುಗಿಸಿದಾಗ ಅವರು ಒಂದು ದಿನದ ಕೂಲಿ ಕಳೆದುಕೊಳ್ಳುತ್ತಾರೆ. ಅನೇಕ ವೇಳೆ ದೋಷವು ಕಾರ್ಯಾಲಯದ ಗೋಡೆಯೊಳಗೇ ಇರುತ್ತದೆ.

ಮಾಹಿತಿಯು ಪ್ಯಾಕೆಟ್‌ಗಳೆಂಬ ತುಣುಕುಗಳಾಗಿ ಸಂಚರಿಸುತ್ತದೆ. ಕೆಲವು ಕಳೆದುಹೋದಲ್ಲಿ ಗಣಕಯಂತ್ರವು ಅವನ್ನು ಮರಳಿ ಕಳುಹಿಸುವುದಲ್ಲದೆ, ಮಾರ್ಗದಲ್ಲಿ ದಟ್ಟಣೆಯಿದೆಯೆಂದು ಭಾವಿಸಿ ವೇಗವನ್ನೂ ತಗ್ಗಿಸುತ್ತದೆ. ಆದುದರಿಂದ ಬಿಲ್ಲಿನಲ್ಲಿ 100 ಎಂಬಿಪಿಎಸ್ ಎಂದಿದ್ದರೂ ಪುಟ ತೆರೆಯದಿರಬಹುದು.

ಮೊದಲು ಮೊಬೈಲ್‌ಗಳನ್ನು ವೈಫೈನಿಂದ ಬೇರ್ಪಡಿಸಿ, ಗಣಕಯಂತ್ರವನ್ನು ಕೇಬಲ್ ಮೂಲಕ ರೂಟರ್‌ಗೆ ಜೋಡಿಸಿ, ರೂಟರ್‌ನ ವಿಳಾಸಕ್ಕೆ (ಹೆಚ್ಚಾಗಿ 192.168.1.1) 100 ಬಾರಿ ಪಿಂಗ್ ಮಾಡತಕ್ಕದ್ದು. ಇಲ್ಲಿ ನಷ್ಟವು ಶೂನ್ಯವಾಗಿರಬೇಕು. ಇಲ್ಲವಾದಲ್ಲಿ ಕೇಬಲ್ ಅಥವಾ ರೂಟರ್ ದೋಷಯುಕ್ತವೆಂದು ತಿಳಿಯಬೇಕು. ಇದೇ ಪರೀಕ್ಷೆಯು ವೈಫೈನಲ್ಲಿ ಮಾತ್ರ ವಿಫಲವಾದರೆ ರೂಟರ್‌ನ ಸ್ಥಳ ಬದಲಿಸಬೇಕು. ಅದನ್ನು ಕಬ್ಬಿಣದ ಬೀರುವಿನ ಹಿಂದೆ ಇರಿಸುವ ಪರಿಪಾಠವನ್ನಂತೂ ಕೈಬಿಡುವುದು ಒಳಿತು.

ಬಳಿಕ 8.8.8.8 ವಿಳಾಸಕ್ಕೆ ಪಿಂಗ್ ಮಾಡಬೇಕು. ಇಲ್ಲಿ ಮಾತ್ರ ನಷ್ಟ ಕಂಡುಬಂದರೆ ದೋಷವು ಹೊರಗಿನ ಮಾರ್ಗದ್ದು. ಫೈಬರ್ ಪೆಟ್ಟಿಗೆಯಲ್ಲಿ ‘ಎಲ್‌ಒಎಸ್’ ದೀಪ ಕೆಂಪಾಗಿದ್ದರೆ ಬೆಳಕೇ ತಲುಪುತ್ತಿಲ್ಲವೆಂದರ್ಥ. ತಂತಿ ತುಂಡಾಗಿರಬಹುದು ಅಥವಾ ಅತಿಯಾಗಿ ಬಾಗಿರಬಹುದು.

ವಿಳಂಬಕ್ಕೆ ದೂರವನ್ನು ಕಾರಣವಾಗಿ ಹೇಳುವುದುಂಟು. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ, 700 ಕಿ.ಮೀ. ಹೋಗಿಬರಲು 7 ಮಿಲಿಸೆಕೆಂಡ್ ಸಾಕು. ಮೊಬೈಲ್‌ಗಳನ್ನು ಮರಳಿ ಜೋಡಿಸಿದೊಡನೆ ವಿಳಂಬ 200 ದಾಟಿದರೆ ಯಾರೋ ವಿಡಿಯೋ ಕಳುಹಿಸುತ್ತಿರುವ ಸಂಭವವೇ ಅಧಿಕ.

ದಿನಾಂಕ, ವೇಳೆ ಹಾಗೂ ಎರಡೂ ಪಿಂಗ್ ಫಲಿತಾಂಶಗಳನ್ನು ವಹಿಯಲ್ಲಿ ನಮೂದಿಸಿ ದೂರಿನೊಂದಿಗೆ ಲಗತ್ತಿಸತಕ್ಕದ್ದು. ಎರಡೂ ಸರಿಯಿದ್ದು, ಇತರ ಜಾಲತಾಣಗಳು ತೆರೆದು, ಇ-ಸ್ವತ್ತು ಮಾತ್ರ ತೆರೆಯದಿದ್ದಾಗ ‘ಸರ್ವರ್ ಇಲ್ಲ’ ಎನ್ನಬಹುದು.